ವೇಗಕ್ಕೆ ವೇಗ ಕೂಡುವ ಸೂತ್ರ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯನ್ನೇ ತೆಗೆದುಕೊಳ್ಳಿ. ನೀರು ಸೆಕೆಂಡಿಗೆ 2 ಮೀಟರ್ ಹರಿಯುತ್ತಿದ್ದು, ಅದರ ಮೇಲೆ ದೋಣಿ 3 ಮೀಟರ್ ಮುಂದೆ ಸಾಗಿದರೆ ದಡದವರಿಗೆ ಕಾಣುವ ವೇಗ 5 ಮೀಟರ್. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸೂತ್ರ ಈ ಲೆಕ್ಕವನ್ನು ತಳ್ಳಿಹಾಕುವುದಿಲ್ಲ, ತಿದ್ದುತ್ತದೆ. ಎರಡು ವೇಗಗಳ ಗುಣಲಬ್ಧವನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿ, ಅದಕ್ಕೆ 1 ಸೇರಿಸಿ, ಬಂದ ಸಂಖ್ಯೆಯಿಂದ ಮೊತ್ತವನ್ನು ಭಾಗಿಸಬೇಕು. ದೋಣಿಯ ಮಟ್ಟಿಗೆ ಈ ತಿದ್ದುಪಡಿ ಸೆಕೆಂಡಿಗೆ ಒಂದು ಪ್ರೋಟಾನಿನ ಅಗಲಕ್ಕಿಂತಲೂ ಕಡಿಮೆ. ಬೆಳಕಿನ ಅರ್ಧ ವೇಗಕ್ಕೆ ಇನ್ನೊಂದು ಅರ್ಧ ಕೂಡಿದರೆ ಮಾತ್ರ ಸಿಗುವುದು ಪೂರ್ಣವಲ್ಲ, ಐದರಲ್ಲಿ ನಾಲ್ಕು ಪಾಲು.

ಇದು ಬರೀ ಕಾಗದದ ಕಸರತ್ತು ಎನ್ನುವವರಿಗೆ ಉತ್ತರ ಹರಿಯುವ ನೀರಿನಲ್ಲೇ ಇದೆ. 1851ರಲ್ಲಿ ಭೌತವಿಜ್ಞಾನಿ ಫಿಜೋ ಅದರೊಳಗೆ ಬೆಳಕು ಹಾಯಿಸಿದಾಗ, ನೀರು ತನ್ನ ವೇಗದ ಅರ್ಧಕ್ಕಿಂತ ಕಡಿಮೆ ಪಾಲನ್ನಷ್ಟೇ ಬೆಳಕಿಗೆ ಕೊಟ್ಟಿತ್ತು. ಅದೇ ಪಾಲು ಈ ಸೂತ್ರದಿಂದ ತಾನಾಗಿ ಒದಗುತ್ತದೆಂದು 1907ರಲ್ಲಿ ಭೌತವಿಜ್ಞಾನಿ ಲಾವೆ ತೋರಿಸಿದರು. ಬೆಳಕಿನ ವೇಗದ ಮಿತಿಯನ್ನು ಬಲವಂತವಾಗಿ ಹೇರಲಾಗಿದೆ ಎಂಬ ಆಕ್ಷೇಪವೂ ನಿಲ್ಲದು. ದೋಣಿಯವನ ಮೀಟರು, ಸೆಕೆಂಡುಗಳು ದಡದವನವಲ್ಲ. ಎರಡು ಅಳತೆಗಳನ್ನು ಹೊಂದಿಸದೆ ಕೂಡಿಸುವುದೇ ತಪ್ಪು. ಆ ಹೊಂದಾಣಿಕೆಯನ್ನು ಒಂದೇ ಸಾಲಿನಲ್ಲಿ ಮಾಡಿ, ಹಳೆಯ ಸತ್ಯವನ್ನೂ ಉಳಿಸಿಕೊಂಡದ್ದು ಈ ಸೂತ್ರದ ದೊಡ್ಡತನ.