ಅದ್ಭುತದ ಒಳನಿಯಮ: ಮುಂಬಯಿಯ ಹಿನ್ನೆಲೆಯಲ್ಲಿ ವಿಜ್ಞಾನಕಥೆಯ ರಚನೆಯನ್ನು ಕುರಿತು

ವಿಜ್ಞಾನಕಥೆಯನ್ನಾಗಲಿ ಅದ್ಭುತಕಥೆಯನ್ನಾಗಲಿ ಬರೆಯಹೊರಟ ಲೇಖಕರು ಮೊದಲು ಎದುರಿಸುವ ಪ್ರಶ್ನೆ ಕಲ್ಪನೆಯದಲ್ಲ, ನಂಬಿಕೆಯದು. ಲೋಕದಲ್ಲಿ ನಡೆಯದುದನ್ನು ನಡೆಯಿತೆಂದು ಹೇಳಿದಾಗ ಓದುಗನು ಯಾವ ಆಧಾರದ ಮೇಲೆ ಅದನ್ನು ಒಪ್ಪಬೇಕು? ಭಾರತೀಯ ಕಾವ್ಯಮೀಮಾಂಸೆಯು ವಿಸ್ಮಯವನ್ನು ಅದ್ಭುತರಸದ ಸ್ಥಾಯಿಭಾವವೆಂದು ಗುರುತಿಸಿತು. ಜೊತೆಗೆ ಔಚಿತ್ಯವಿಲ್ಲದೆಡೆ ರಸವು ನಿಲ್ಲದೆಂಬುದನ್ನೂ ಹೇಳಿತು. ಈ ಎರಡು ಮಾತುಗಳ ನಡುವಿನ ಸಂಬಂಧವನ್ನು ಪ್ರಸ್ತುತ ಲೇಖನದಲ್ಲಿ ನಾವು ಎರಡು ಕೃತಿಗಳ ಮೂಲಕ ಪರಿಶೀಲಿಸಲಿದ್ದೇವೆ. ಒಂದು, ಮುಂಬಯಿಯಲ್ಲಿ ನಡೆಯುವ ಜಯಂತ ನಾರಳೀಕರರ ಮರಾಠಿ ಕಥೆ; ಇನ್ನೊಂದು, ಜನ್ನನ ‘ಯಶೋಧರಚರಿತೆ’ (1209).

ಈ ಚರ್ಚೆಗೆ ಮುಂಬಯಿಯನ್ನು ಆಯ್ದುಕೊಳ್ಳಲು ಕಾರಣವಿದೆ. 1945ರಲ್ಲಿ ಸ್ಥಾಪಿತವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ 1954ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ಪರಮಾಣು ಶಕ್ತಿ ಕೇಂದ್ರಗಳು ಈ ನಗರವನ್ನು ವಿಜ್ಞಾನದ ನೆಲೆಯಾಗಿಸಿದವು. 1966ರಲ್ಲಿ ಹುಟ್ಟಿದ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನಕಥಾ ಸ್ಪರ್ಧೆಯನ್ನು ನಡೆಸಿ ಈ ಪ್ರಕಾರಕ್ಕೆ ಓದುಗರನ್ನು ಒದಗಿಸಿತು. ಆಗ ಟಾಟಾ ಸಂಸ್ಥೆಯಲ್ಲಿದ್ದ ನಾರಳೀಕರರು 1974ರ ಸ್ಪರ್ಧೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ‘ಕೃಷ್ಣವಿವರ’ ಕಥೆಯನ್ನು ಕಳುಹಿಸಿ ಬಹುಮಾನ ಪಡೆದರೆಂಬುದು ಪ್ರಸಿದ್ಧ ಸಂಗತಿ. 1993ರಲ್ಲಿ ಬಾಳ ಫೋಂಡಕೆಯವರು ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಸಂಪಾದಿಸಿದ ಭಾರತೀಯ ವಿಜ್ಞಾನಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡದ ರಾಜಶೇಖರ ಭೂಸನೂರಮಠ ಹಾಗೂ ಸಂಜಯ ಹಾವನೂರ ಅವರಿಗೂ ಸ್ಥಾನ ದೊರೆಯಿತು. ಆದರೆ ಮುಂಬಯಿಯಲ್ಲಿಯೇ ಬೆಳೆದ ಕನ್ನಡ ಕಥನದ ಹೆದ್ದಾರಿ ಬೇರೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರ ನಗರವು ವಾಸ್ತವದ ನಗರ. ರಸಾಯನ ಉದ್ಯಮದಲ್ಲಿ ವೃತ್ತಿ ನಡೆಸಿದ ಚಿತ್ತಾಲರು ‘ಶಿಕಾರಿ’ಯಲ್ಲಿ (1979) ಆ ಉದ್ಯಮಲೋಕವನ್ನು ಮನುಷ್ಯನ ಭಯದ ಶೋಧನೆಗೆ ಬಳಸಿದರೇ ಹೊರತು ವಿಜ್ಞಾನದ ಊಹೆಗಲ್ಲ. ಒಂದೇ ನಗರದ ಎರಡು ಭಾಷೆಗಳು ಎರಡು ದಾರಿ ಹಿಡಿದಿರುವಾಗ, ಒಂದರ ಅನುಭವದಿಂದ ಇನ್ನೊಂದು ಏನನ್ನು ಪಡೆಯಬಹುದೆಂಬುದು ಕೇವಲ ಸೈದ್ಧಾಂತಿಕ ಪ್ರಶ್ನೆಯಲ್ಲ.

ನಾರಳೀಕರರ ‘ಗಂಗಾಧರಪಂತಾಂಚೆ ಪಾನಿಪತ’ ಕಥೆಯು ‘ದಿ ಅಡ್ವೆಂಚರ್’ ಎಂಬ ಇಂಗ್ಲಿಷ್ ರೂಪದಲ್ಲಿ ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೆಯ ತರಗತಿಯ ಪಠ್ಯವಾಗಿ ಮಹಾರಾಷ್ಟ್ರದ ಹೊರಗೂ ಪರಿಚಿತವಾಗಿದೆ. ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತ ಗಾಯತೋಂಡೆ ಅಪಘಾತವೊಂದರ ಕ್ಷಣದಲ್ಲಿ ಇನ್ನೊಂದು ಲೋಕಕ್ಕೆ ಜಾರುತ್ತಾನೆ. ಅಲ್ಲಿ 1761ರ ಪಾಣಿಪತ್ ಯುದ್ಧದಲ್ಲಿ ವಿಶ್ವಾಸರಾಯನಿಗೆ ಗುಂಡು ತಗಲಿಲ್ಲ, ಮರಾಠರು ಗೆದ್ದಿದ್ದಾರೆ. ಲೇಖಕರು ಬದಲಿಸಿದ್ದು ಇದೊಂದನ್ನೇ. ಉಳಿದುದೆಲ್ಲ ಇದರ ಫಲವಾಗಿ ಬರುತ್ತದೆ. ಪುಣೆಯಿಂದ ಹೊರಟ ರೈಲು ಒಂದೆಡೆ ಬ್ರಿಟಿಷ್ ಆಡಳಿತದ ಗಡಿಯನ್ನು ದಾಟುತ್ತದೆ. ಮುಂಬಯಿ ಮಾತ್ರ ಗುತ್ತಿಗೆಯ ಕರಾರಿನ ಮೇಲೆ ಆಂಗ್ಲರ ಕೈಯಲ್ಲಿ ಉಳಿದಿದೆ. ಡಬ್ಬಿಗಳ ನೀಲಿಬಣ್ಣದ ಮೇಲೆ ಯೂನಿಯನ್ ಜ್ಯಾಕ್ ಇದೆ. ವಿಕ್ಟೋರಿಯಾ ಟರ್ಮಿನಸ್ಸಿನ ಹೊರಗೆ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡ ನಿಂತಿದೆ. ಹಾರ್ನ್‌ಬಿ ರಸ್ತೆಯಲ್ಲಿ ಹ್ಯಾಂಡ್‌ಲೂಮ್ ಹೌಸ್ ಇಲ್ಲ, ಬ್ರಿಟಿಷ್ ಅಂಗಡಿಗಳ ಫಲಕಗಳಿವೆ.

ಇಲ್ಲಿಂದ ನಾವು ಪಡೆಯುವ ಮೊದಲ ರಚನಾಸೂತ್ರವಿದು: ಬದಲಿಸುವುದು ಒಂದೇ ಆಗಿರಲಿ; ಆ ಬದಲಾವಣೆಯು ಸಾರ್ವಜನಿಕರ ಕೈಗೆ ಕಣ್ಣಿಗೆ ಸಿಗುವ ಸಣ್ಣ ವಸ್ತುಗಳಲ್ಲಿ ಪ್ರಕಟವಾಗಲಿ. ಮರಾಠಾ ಸಾಮ್ರಾಜ್ಯದ ವೈಭವವನ್ನು ಹತ್ತು ಪುಟ ವರ್ಣಿಸಿದ್ದರೂ ಆ ಒಂದು ರೈಲುಡಬ್ಬಿಯ ಬಣ್ಣವು ಹುಟ್ಟಿಸುವ ನಂಬಿಕೆ ಹುಟ್ಟುತ್ತಿರಲಿಲ್ಲ. ಹೊಸ ಲೇಖಕರು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಹಾರುವ ವಾಹನ, ಯಂತ್ರಮಾನವ, ಅನ್ಯಗ್ರಹದ ಜೀವಿ ಎಲ್ಲವನ್ನೂ ಒಟ್ಟಿಗೆ ತಂದಾಗ ಓದುಗನಿಗೆ ಹೋಲಿಸಿ ನೋಡಲು ಸ್ಥಿರವಾದ ನೆಲವೇ ಉಳಿಯುವುದಿಲ್ಲ. ಎಲ್ಲವೂ ಸಾಧ್ಯವಾದ ಲೋಕದಲ್ಲಿ ಯಾವುದೂ ವಿಸ್ಮಯವಲ್ಲ.

ಎರಡನೆಯದು ನಷ್ಟದ ಸೂತ್ರ. ಗಂಗಾಧರಪಂತನು ಫೋರ್ಬ್ಸ್ ಕಟ್ಟಡದಲ್ಲಿ ತನ್ನ ಮಗನನ್ನು ವಿಚಾರಿಸುತ್ತಾನೆ. ಆ ಹೆಸರಿನವರು ಅಲ್ಲಿ ಯಾರೂ ಇಲ್ಲವೆಂಬ ಉತ್ತರ ಬರುತ್ತದೆ. ನಾಡಿನ ಇತಿಹಾಸವು ಗೆಲುವಿನ ಕಡೆಗೆ ತಿರುಗಿದ ಲೋಕದಲ್ಲಿ ಒಬ್ಬ ತಂದೆಗೆ ಮಗನಿಲ್ಲ. ಕಥೆಯ ನಿಜವಾದ ತೂಕವಿರುವುದು ಈ ಸಣ್ಣ ಪ್ರಸಂಗದಲ್ಲಿ. ಆದರೆ ಲೇಖಕರು ಇಲ್ಲಿ ಹೆಚ್ಚು ಹೊತ್ತು ನಿಲ್ಲದೆ ನಾಯಕನನ್ನು ಟೌನ್ ಹಾಲ್ ಗ್ರಂಥಾಲಯಕ್ಕೆ ಕರೆದೊಯ್ಯುತ್ತಾರೆ. ಮಗನನ್ನು ಕಳೆದುಕೊಂಡ ತಂದೆಗಿಂತ ಯುದ್ಧದ ಫಲಿತಾಂಶವನ್ನು ಹುಡುಕುವ ವಿದ್ವಾಂಸನು ಕಥೆಗೆ ಮುಖ್ಯನಾದುದು ಇದರ ಕೊರತೆಯೆಂದು ನಮ್ಮ ಅಭಿಪ್ರಾಯ.

ಮೂರನೆಯ ಸೂತ್ರ ವಿವರಣೆಗೆ ಸಂಬಂಧಿಸಿದ್ದು. ಕಥೆಯ ಕೊನೆಯಲ್ಲಿ ರಾಜೇಂದ್ರ ದೇಶಪಾಂಡೆ ಎಂಬ ವಿಜ್ಞಾನಿಯು ನಡೆದುದನ್ನೆಲ್ಲ ಕ್ವಾಂಟಮ್ ಸಿದ್ಧಾಂತದ ನೆರವಿನಿಂದ ವಿವರಿಸುತ್ತಾನೆ. ವಿಜ್ಞಾನಪ್ರಸಾರವೇ ಉದ್ದೇಶವಾದಲ್ಲಿ ಇಂತಹ ಪಾಠ ಅನಿವಾರ್ಯವೆಂದು ವಾದಿಸುವವರಿದ್ದಾರೆ. ನಾವು ಈ ವಾದವನ್ನು ಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಪ್ರಸ್ತುತ ಕಥೆಯಲ್ಲಿ ಜೇಬಿನಲ್ಲಿ ಉಳಿದ ಬಖರಿನ ಹರಿದ ಹಾಳೆಯು ಸಿದ್ಧಾಂತಕ್ಕಿಂತ ಮೊದಲೇ ಸಾಕ್ಷಿಯಾಗಿ ಬಂದಿರುವುದರಿಂದ ವಿವರಣೆಯು ಸಹ್ಯವಾಗುತ್ತದೆ. ಆದರೂ ಆ ವಿವರಣೆಯಿಂದ ಯಾರ ಬದುಕೂ ಬದಲಾಗುವುದಿಲ್ಲ.

ಇಲ್ಲಿ ಜನ್ನನನ್ನು ನೆನೆಯಬೇಕು. ‘ಯಶೋಧರಚರಿತೆ’ಯ ಲೋಕಕ್ಕೂ ಒಂದೇ ನಿಯಮವಿದೆ: ಸಂಕಲ್ಪದ ಹಿಂಸೆಯೂ ಹಿಂಸೆಯೇ. ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ಆದರೆ ಅದು ಕೂಗುತ್ತದೆ. ಆ ಒಂದು ಕೂಗಿನಿಂದ ಅರಸನೂ ಅವನ ತಾಯಿಯೂ ನವಿಲು ನಾಯಿಗಳಿಂದ ಆರಂಭಿಸಿ ಜನ್ಮಜನ್ಮಗಳನ್ನು ತೊಳಲುತ್ತಾರೆ. ಕವಿಯು ಅವರಿಗೆ ಎಲ್ಲಿಯೂ ರಿಯಾಯಿತಿ ಕೊಡುವುದಿಲ್ಲ. ಇದಕ್ಕಿಂತ ಮುಖ್ಯವಾದುದು, ಈ ನಿಯಮವನ್ನು ವಿವರಿಸುವ ಅಭಯರುಚಿಯು ಚಂಡಮಾರಿಯ ಗುಡಿಯಲ್ಲಿ ಬಲಿಯಾಗಲು ನಿಂತವನು. ಕೇಳುತ್ತಿರುವ ಮಾರಿದತ್ತನು ಕತ್ತಿ ಹಿಡಿದವನು. ವಿವರಣೆ ಮುಗಿಯುವ ಹೊತ್ತಿಗೆ ಕತ್ತಿ ಕೆಳಗಿಳಿಯಬೇಕು, ಇಲ್ಲವೆ ಎರಡು ಜೀವ ಹೋಗಬೇಕು. ಆದುದರಿಂದ ಅಲ್ಲಿ ವಿವರಣೆಯೇ ಕ್ರಿಯೆ. ವಿಜ್ಞಾನಕಥೆಯಲ್ಲಿ ಸಿದ್ಧಾಂತವನ್ನು ಹೇಳಲೇಬೇಕಾದರೆ, ಅದನ್ನು ಕೇಳುವವನ ನಿರ್ಧಾರವೊಂದು ಅದರ ಮೇಲೆ ನಿಂತಿರಬೇಕು. ಈ ಸೂತ್ರವನ್ನು ನಮ್ಮ ಲೇಖಕರು ಹೊರಗಿನಿಂದ ತರಬೇಕಾಗಿಲ್ಲ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಕನ್ನಡ ಮತ್ತು ಸಂಸ್ಕೃತ ಪದಗಳನ್ನು ವಿವೇಚನೆಯಿಲ್ಲದೆ ಬೆಸೆಯಬಾರದೆಂದು ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿಯೇ ಎಚ್ಚರಿಸಿತು. ಪಾರಿಭಾಷಿಕ ಪದಗಳ ರಾಶಿಯಿಂದ ಕಥೆಯು ವೈಜ್ಞಾನಿಕವಾಗುವುದಿಲ್ಲ. ಪಾತ್ರಗಳು ತಮ್ಮ ಕೆಲಸದಲ್ಲಿ ಬಳಸುವ ಪದವೇ, ಅದು ಇಂಗ್ಲಿಷಿನಿಂದ ಬಂದುದಾದರೂ, ಉಚಿತವಾದ ಪದ.

ಈ ಸೂತ್ರಗಳನ್ನು ಮುಂಬಯಿಯ ಕನ್ನಡ ಬದುಕಿಗೆ ಅನ್ವಯಿಸಿ ನೋಡೋಣ. ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ಕಟ್ಟಿದ ನಗರವಿದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದಾಗ ನೀರು ತನ್ನ ಹಳೆಯ ಜಾಗವನ್ನು ಕೇಳಿದಂತಿತ್ತು. ಕಡಲು ತಾನು ಬಿಟ್ಟುಕೊಟ್ಟ ನೆಲವನ್ನು ಮಾತ್ರ ಮರಳಿ ಪಡೆಯುತ್ತದೆ ಎಂಬ ಒಂದೇ ನಿಯಮವನ್ನು ಲೇಖಕರು ಇಟ್ಟುಕೊಳ್ಳಲಿ. ಯಾವ ರೈಲುಹಳಿ ಮೊದಲು ಮುಳುಗುತ್ತದೆ, ಯಾವ ಬಡಾವಣೆ ಮತ್ತೆ ದ್ವೀಪವಾಗುತ್ತದೆ ಎಂಬುದನ್ನು ಹಳೆಯ ನಕ್ಷೆಯೇ ತಿಳಿಸುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹಿರಿಯನೊಬ್ಬನು ತನ್ನ ಶಾಲೆಯಿದ್ದ ನೆಲ ತುಂಬಿದ್ದೋ ಮೂಲದ್ದೋ ಎಂದು ನಕ್ಷೆಯಲ್ಲಿ ಹುಡುಕುವಲ್ಲಿ ಕಥೆ ಆರಂಭವಾಗಬಹುದು. ವಲಸೆ ಬಂದವನಿಗೆ ನೆಲ ಎಷ್ಟರಮಟ್ಟಿಗೆ ತನ್ನದೆಂಬ ಪ್ರಶ್ನೆಯನ್ನು ವಾಸ್ತವವಾದಿ ಕಥನವು ಹಲವು ಸಲ ಕೇಳಿದೆ. ಅದ್ಭುತಕಥೆಯು ಅದೇ ಪ್ರಶ್ನೆಯನ್ನು ಅಕ್ಷರಶಃ ಕೇಳಬಲ್ಲುದು. ಈ ಪ್ರಕಾರದ ಅಗತ್ಯವಿರುವುದು ಇದಕ್ಕಾಗಿ.

ನಾರಳೀಕರರು 2025ರ ಮೇ ತಿಂಗಳಿನಲ್ಲಿ ನಿಧನರಾದರು. ಅವರ ಕಥೆಗಳನ್ನು ವಿಜ್ಞಾನಪ್ರಸಾರದ ಸಾಮಗ್ರಿಯಾಗಿ ಮಾತ್ರವಲ್ಲದೆ ಕಥನದ ಮಾದರಿಗಳಾಗಿ, ಗುಣದೋಷಗಳೊಂದಿಗೆ ಓದುವ ಕಾಲ ಬಂದಿದೆ. ಹೊರನಾಡಿನಲ್ಲಿ ಕನ್ನಡ ಅಧ್ಯಯನದಲ್ಲಿ ತೊಡಗಿರುವ ಸಂಶೋಧಕರಿಗೆ ನೆರೆಯ ಭಾಷೆಯ ಕೃತಿಯೂ ನಮ್ಮ ಹಳೆಯ ಕಾವ್ಯವೂ ಒಟ್ಟಿಗೆ ಕೈಗೆಟಕುತ್ತವೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದಲ್ಲಿ, ಕನ್ನಡ ವಿಜ್ಞಾನಕಥೆಯನ್ನು ಪಾಶ್ಚಾತ್ಯ ಅನುಕರಣೆಯೆಂದು ಬದಿಗೆ ಸರಿಸುವ ವಾಡಿಕೆಯನ್ನು ಮರುಪರಿಶೀಲಿಸುವುದು ಸಾಧ್ಯವಾದೀತು.