ಎಡಗೈಗೆ ಒಗ್ಗದ ಚಾಕು

ಕಳೆದ ಬೇಸಿಗೆಯಲ್ಲಿ ಅಪ್ಪಯ್ಯ ಸಾಗರದ ಕಡೆಯ ನಮ್ಮ ಊರಿನಿಂದ ಪುಣೆಗೆ ಬಂದಿದ್ದಾಗ, ಊಟದ ಮೇಜಿನ ಮೇಲೆ ಒಂದು ಸೇಬು ಮತ್ತು ನನ್ನ ಹೊಸ ಚಾಕು ಇಟ್ಟೆ. ಹೊಸದೆಂದರೆ ಹೊಸದಲ್ಲ, ಕೊಂಡು ವರ್ಷವಾಗಿತ್ತು. ತೋರಿಸಲು ತಕ್ಕ ಮನುಷ್ಯ ಸಿಕ್ಕಿರಲಿಲ್ಲ. ಅಮೆರಿಕಕ್ಕೆ ಹೋಗಿದ್ದ ಸಹೋದ್ಯೋಗಿಯ ಚೆಕ್-ಇನ್ ಬ್ಯಾಗಿನಲ್ಲಿ ಬಂದ ಮಡಚುವ ಚಾಕು ಅದು. ಟೈಟಾನಿಯಂ ಹಿಡಿ, ಪೌಡರ್ ಸ್ಟೀಲಿನ ಅಲಗು. ಬೆಲೆ, ಹೆಂಡತಿಗೆ ಹೇಳಿದ್ದರ ಎರಡು ಪಟ್ಟು. ಕಂಪನಿಯ ಹೆಸರು ಇಲ್ಲಿ ಬೇಡ. ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಅರ್ಧ ನನ್ನ ಮೇಲೆಯೇ.

ಅಪ್ಪಯ್ಯನದು ಎಡಗೈ. ಚಾಕುವನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಲಗು ತೆಗೆಯುವ ಗುಬಟನ್ನು ಹುಡುಕಿದರು. ಅದು ಆಚೆ ಬದಿಗಿತ್ತು. ಕೊನೆಗೆ ಎರಡೂ ಕೈ ಹಾಕಿ ತೆರೆದರು. ಸೇಬಿನೊಳಗೆ ಅಲಗು ಅರ್ಧ ಇಳಿಯುವಷ್ಟರಲ್ಲಿ ಹಣ್ಣು ಕತ್ತರಿಸುವ ಬದಲು ಚಟ್ಟೆಂದು ಸೀಳಿತು. ಅದಾದ ಮೇಲೆ ಚಾಕು ಮುಚ್ಚಲೇ ಆಗಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ಇದರ ಕೀಲಿ ಎಲ್ಲಿ ಮಾರಾಯ?" ಅಂದರು. ನಾನು ಇಸಿದುಕೊಂಡು ಬಲಗೈ ಒಂದರಲ್ಲೇ ಕ್ಲಿಕ್ ಎಂದು ಮುಚ್ಚಿ ತೋರಿಸಿದೆ, ಡೆಮೋ ಕೊಡುವವನ ಹಾಗೆ. "ಚೊಕ್ಕ ಮಾಡಿದ್ದಾರೆ, ಸುಳ್ಳು ಹೇಳಬಾರದು" ಅಂದು ಕೈ ತೊಳೆಯಲು ಎದ್ದರು.

ಚೊಕ್ಕ ಎಂಬ ಆ ಮಾತು ಸರಿಯಾಗಿಯೇ ಇತ್ತು. ಇಂಥ ಚಾಕುಗಳ ವಿಮರ್ಶೆಗಳನ್ನು ನಾನು ವರ್ಷಗಟ್ಟಲೆ ಓದಿದ್ದೇನೆ, ವಿಡಿಯೋ ನೋಡಿದ್ದೇನೆ. ಎಲ್ಲರೂ ನೋಡುವುದು ಇದನ್ನೇ: ಮುಚ್ಚಿದಾಗ ಅಲಗು ಹಿಡಿಯ ಎರಡು ಪಟ್ಟಿಗಳ ನಟ್ಟನಡುವೆ ಕೂತಿದೆಯೇ, ತೆರೆದಾಗ ಅತ್ತಿತ್ತ ಅಲ್ಲಾಡುತ್ತದೆಯೇ, ಲಾಕ್ ಬಿಟ್ಟರೆ ಅಲಗು ತನ್ನ ಭಾರಕ್ಕೆ ತಾನೇ ಬೀಳುತ್ತದೆಯೇ, ಅಂಚುಗಳು ಕೈಗೆ ತಾಗುತ್ತವೆಯೇ. ನನ್ನ ಚಾಕು ಎಲ್ಲದರಲ್ಲೂ ಪಾಸು. ಇವೆಲ್ಲ ಡಬ್ಬಿ ಬಿಚ್ಚಿದ ಐದು ನಿಮಿಷದಲ್ಲಿ ಗೊತ್ತಾಗುವ ಗುಣಗಳು. ಸೇಬು ಯಾಕೆ ಸೀಳಿತು ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಯಾವ ಕೈ ಎಂಬುದಂತೂ ಇಲ್ಲವೇ ಇಲ್ಲ.

ಈ ಜಾತಿಯ ಚಾಕುಗಳಿಗೆಲ್ಲ ಹಿರಿಯಣ್ಣ ಎಂದರೆ ಕ್ರಿಸ್ ರೀವ್ ಅವರ ಸೆಬೆಂಝಾ. ರೀವ್ ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಗೆ ಬಂದು ನೆಲೆಸಿದವರು, ನಮ್ಮ ಹಾಗೆಯೇ ವಲಸಿಗರು. ಸೆಬೆಂಝಾ ಎಂಬುದು 'ಕೆಲಸ' ಎಂಬರ್ಥದ ಜುಲು ಮಾತು. ಅದರ ಹಿಡಿಯ ಒಂದು ಬದಿಯನ್ನೇ ಸೀಳಿ, ಆ ಸೀಳಿದ ಪಟ್ಟಿ ಸ್ಪ್ರಿಂಗಿನಂತೆ ಒಳಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುವಂತೆ ಮಾಡಿದ್ದಾರೆ. ಇದನ್ನು ಈಗ ಫ್ರೇಮ್ ಲಾಕ್ ಎನ್ನುತ್ತಾರೆ. ಬೇರೆ ಬಿಡಿಭಾಗವಿಲ್ಲ, ಹಿಡಿಯೇ ಲಾಕು. ಕೆಲಸಗಾರಿಕೆಯೋ, ನೋಡಿದವರು ಮರೆಯುವ ಹಾಗಿಲ್ಲ. ಅಲಗು ತಿರುಗುವ ಜಾಗದಲ್ಲಿ ಕಂಚಿನ ವಾಷರುಗಳು. ದೊಡ್ಡ ಸೆಬೆಂಝಾದಲ್ಲಿ ಒಂದು ಬುಷಿಂಗು, ಅದರಿಂದಾಗಿ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಿದರೂ ಅಲಗಿನ ಓಟ ಬಿಗಿಯಾಗುವುದಿಲ್ಲ. ಉಳಿದ ಚಾಕುಗಳಲ್ಲಿ ಸ್ಕ್ರೂ ಕಾಲು ಸುತ್ತು ಹೆಚ್ಚಾದರೆ ಬಿಗಿ, ಕಡಿಮೆಯಾದರೆ ಲೊಡಲೊಡ. ಹಾಗೆ ನೋಡಿದರೆ ಈ ಬುಷಿಂಗು ವಿನ್ಯಾಸವೂ ಹೌದು. ಆದರೆ ಅದು ಕೆಲಸ ಮಾಡುವುದು ಅಳತೆ ಕೂದಲೆಳೆಯಷ್ಟೂ ತಪ್ಪದಿದ್ದರೆ ಮಾತ್ರ. ವಿನ್ಯಾಸ ಮತ್ತು ಕಟ್ಟೋಣ ಎರಡನ್ನೂ ಗೆರೆ ಕೊಯ್ದು ಬೇರೆ ಮಾಡಲಾಗದ ಜಾಗ ಇದು, ಒಪ್ಪುತ್ತೇನೆ.

ಆದರೂ ಫ್ರೇಮ್ ಲಾಕಿಗೆ ಒಂದು ಕೈಯ ಪಕ್ಷಪಾತ ಹುಟ್ಟಿನಿಂದಲೇ ಬಂದಿದೆ. ಮುಚ್ಚುವಾಗ ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳು ತಾನಾಗಿಯೇ ಆ ಪಟ್ಟಿಯ ಮೇಲೆ ಬರುತ್ತದೆ. ಎಡಗೈಯಲ್ಲಿ ಹಿಡಿದರೆ ಪಟ್ಟಿ ಅಂಗೈ ಬದಿಗೆ ಹೋಗಿ ಅಡಗಿಕೊಳ್ಳುತ್ತದೆ. ತೋರುಬೆರಳಿನ ತುದಿಯನ್ನು ಮಡಚಿ ಒತ್ತಬೇಕು. ಎಪ್ಪತ್ತು ದಾಟಿದ ಬೆರಳಿಗೆ ಅದು ಹೇಳಿದಷ್ಟು ಸುಲಭವಲ್ಲ. ರೀವ್ ಕಂಪನಿ ಎಡಗೈಯವರಿಗೆಂದೇ ಕನ್ನಡಿಬಿಂಬದಂತೆ ತಿರುಗಿಸಿದ ಚಾಕುವನ್ನು ಮಾಡಿದೆ. ಅಂದರೆ ತಯಾರಕರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ನಮ್ಮಂಥ ಕೊಳ್ಳುಗರು.

ನಮ್ಮ ಆಫೀಸಿನಲ್ಲಿ ಇದಕ್ಕೆ ಎರಡು ಶಬ್ದಗಳಿವೆ, ವೆರಿಫಿಕೇಶನ್ ಮತ್ತು ವ್ಯಾಲಿಡೇಶನ್. ಬರೆದುಕೊಟ್ಟಂತೆ ಕಟ್ಟಿದೆವೇ ಎಂಬುದು ಮೊದಲನೆಯದು. ಬೇಕಾದವನಿಗೆ ಬೇಕಾದ್ದನ್ನೇ ಕಟ್ಟಿದೆವೇ ಎಂಬುದು ಎರಡನೆಯದು. ಒಂದೂ ಬಗ್ ಇಲ್ಲದೆ ಹಸ್ತಾಂತರಿಸಿದ ಸಾಫ್ಟ್‌ವೇರನ್ನು ಮೂರೇ ತಿಂಗಳಲ್ಲಿ ಬಳಕೆದಾರರು ಬದಿಗೆ ತಳ್ಳಿ ಮತ್ತೆ ಎಕ್ಸೆಲ್ ಶೀಟಿಗೆ ಮರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟು ವರ್ಷ ಇದನ್ನು ಹೊಸ ಹುಡುಗರಿಗೆ ಪಾಠ ಮಾಡಿದವನು, ಚಾಕು ಕೊಳ್ಳುವಾಗ ಮಾತ್ರ ಮೊದಲನೆಯದಕ್ಕೇ ಹಣ ಕೊಟ್ಟೆ.

ಇನ್ನು ಸೇಬಿನ ವಿಷಯ. ಅಲಗು ಎಷ್ಟು ಹರಿತ ಎಂಬುದಕ್ಕಿಂತ, ಬಾಯಿಯ ಹಿಂದೆ ಅದು ಎಷ್ಟು ದಪ್ಪ ಎಂಬುದು ಹಣ್ಣು ತರಕಾರಿಗೆ ಮುಖ್ಯ. ದಪ್ಪ ಅಲಗು ಒಳಗೆ ಇಳಿದಂತೆ ಕೊಡಲಿಯ ಹಾಗೆ ಎರಡೂ ಬದಿಗೆ ತಳ್ಳುತ್ತದೆ. ದುಬಾರಿ ಚಾಕುಗಳು ಗಟ್ಟಿ ಎನಿಸಬೇಕು, ಕೈಗೆ ತೂಕ ಸಿಗಬೇಕು ಎಂಬ ಹಟಕ್ಕೆ ಎಷ್ಟೋ ತಯಾರಕರು ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕು ಹಾಕುತ್ತಾರೆ. ಅಂಥದನ್ನು ಜೇಬಿನಲ್ಲಿಟ್ಟುಕೊಂಡವರಲ್ಲಿ ಬಹುತೇಕರು ನನ್ನ ಹಾಗೆ ಕೊರಿಯರ್ ಡಬ್ಬಿ ಬಿಚ್ಚುವವರು.

ಇದಕ್ಕೆ ತದ್ವಿರುದ್ಧ ಫ್ರಾನ್ಸಿನ ಓಪಿನೆಲ್. ಸವಾ ಪ್ರಾಂತ್ಯದ ಜೋಸೆಫ್ ಓಪಿನೆಲ್ 1890ರಲ್ಲಿ ರೂಪಿಸಿದ್ದು. ಬೀಚ್ ಮರದ ಒಂದು ತುಂಡು, ಒಂದು ತೆಳು ಅಲಗು, ಒಂದು ಮೊಳೆ, ಒಂದು ಪಟ್ಟಿ. 1955ರಲ್ಲಿ ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ ಸೇರಿತು. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. ನನ್ನ ಚಾಕುವಿನ ಬೆಲೆಗೆ ಒಂದು ಚೀಲ ತುಂಬ ಓಪಿನೆಲ್ ಬರುತ್ತವೆ. ಚಾಕು ವಿಮರ್ಶಕರ ಪಟ್ಟಿ ಹಿಡಿದು ನೋಡಿದರೆ ಇದು ಫೇಲು. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಹೊರಗೇ ಬರುವುದಿಲ್ಲ. ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ತೆಗೆಯಬೇಕು. ಆ ಕುಟ್ಟುವುದಕ್ಕೇ ಅಲ್ಲಿನವರು ಊರಿನ ಹೆಸರಿಟ್ಟುಕೊಂಡಿದ್ದಾರೆ, 'ಸವಾದವರ ಪೆಟ್ಟು' ಎಂಬರ್ಥದಲ್ಲಿ. ಆದರೆ ಸೇಬನ್ನು ಕೊಟ್ಟು ನೋಡಿ. ಸದ್ದಿಲ್ಲದೆ, ಕಾಗದದಷ್ಟು ತೆಳ್ಳಗೆ ಹೋಳು ಬೀಳುತ್ತದೆ. ಇದರ ಕಟ್ಟೋಣವನ್ನು ನಾನು ಹೊಗಳಲಾರೆ, ಪುಣೆಯ ಜುಲೈ ತಿಂಗಳಲ್ಲಿ ಅದು ನನ್ನನ್ನೂ ಸತಾಯಿಸಿದೆ. ಹಣ್ಣು ಕತ್ತರಿಸುವವನನ್ನು ಕಣ್ಣ ಮುಂದಿಟ್ಟುಕೊಂಡು ಯಾರೋ ಯೋಚಿಸಿದ್ದಾರೆ ಎಂಬುದು ಮಾತ್ರ ಪ್ರತಿ ಹೋಳಿನಲ್ಲೂ ಗೊತ್ತಾಗುತ್ತದೆ.

ಎಡಗೈಯನ್ನೂ ಲೆಕ್ಕಕ್ಕೆ ಹಿಡಿದವರು ಇಲ್ಲದಿಲ್ಲ. ಸ್ಪೈಡರ್ಕೋದ ಸಾಲ್ ಗ್ಲೆಸ್ಸರ್ 1981ರಲ್ಲಿ ಅಲಗಿಗೆ ಒಂದು ದುಂಡು ತೂತು ಕೊರೆದರು. ನೋಡಲು ವಿಕಾರ, ಅಲಗಿಗೆ ಗೂನು ಬಂದಂತೆ. ಆದರೆ ತೂತಿಗೆ ಎಡ ಬಲವಿಲ್ಲ, ಯಾವ ಹೆಬ್ಬೆರಳಾದರೂ ಆದೀತು. ಬೆಂಚ್‌ಮೇಡ್ ಕಂಪನಿಯ ಆಕ್ಸಿಸ್ ಲಾಕಿನಲ್ಲಿ ಹಿಡಿಯನ್ನು ಅಡ್ಡಹಾಯುವ ಒಂದು ಸಣ್ಣ ಉಕ್ಕಿನ ಸರಳಿದೆ. ಎರಡೂ ಬದಿಯಿಂದ ಎಳೆಯಬಹುದು, ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ಅದೇ ಕಂಪನಿಯ ಬಗ್ಔಟ್ 2017ರಲ್ಲಿ ಬಂದಾಗ ದೊಡ್ಡ ದೂರೆಂದರೆ, ಪ್ಲಾಸ್ಟಿಕ್ ಹಿಡಿಯನ್ನು ಅಮುಕಿದರೆ ಬಾಗುತ್ತದೆ ಎಂಬುದು. ಬಾಗುವುದು ನಿಜ. ಲಾಕಿನ ತಂತಿ ಸ್ಪ್ರಿಂಗು ಸಣ್ಣದು, ತುಂಡಾಗುವುದೂ ಉಂಟು. ಆದರೆ ಐವತ್ತು ಚಿಲ್ಲರೆ ಗ್ರಾಂ ತೂಕದ, ಯಾವ ಕೈಗೂ ಒಗ್ಗುವ ಚಾಕುವನ್ನು ಹಿಡಿ ಅಮುಕಿ ನೋಡಿ ತಿರಸ್ಕರಿಸುವುದು, ಕಾದಂಬರಿಯ ರಟ್ಟು ಮೆತ್ತಗಿದೆ ಎಂದು ಪಕ್ಕಕ್ಕಿಟ್ಟ ಹಾಗೆ.

ಇನ್ನೊಂದು ಮಾತು. ಅಳತೆಯ ಬಿಗಿ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಚೀನಾದ ಯಾಂಗ್‌ಜಿಯಾಂಗಿನ ಕಾರ್ಖಾನೆಗಳು ಸೆಬೆಂಝಾದ ಒಂದಂಶದ ಬೆಲೆಗೆ ನಟ್ಟನಡುವೆ ಕೂರುವ, ತಾನೇ ಬೀಳುವ ಅಲಗುಗಳನ್ನು ಕೊಡುತ್ತಿವೆ. ಇಷ್ಟಾದ ಮೇಲೂ ವಿಮರ್ಶಕ ಫೀಲರ್ ಗೇಜು ಹಿಡಿದು ಸಂದು ಅಳೆಯುತ್ತ ಕೂತರೆ, ಅವನು ಚಾಕುವಿನ ಬಗ್ಗೆ ಹೇಳುತ್ತಿರುವುದು ಬಹಳ ಕಡಿಮೆ.

ಅಪ್ಪಯ್ಯ ಊರಿಗೆ ಹೊರಡುವಾಗ ತಮ್ಮ ಕಸಿ ಚಾಕುವನ್ನು ಮೇಜಿನ ಮೇಲೇ ಬಿಟ್ಟು ಹೋದರು. ಮರೆತೋ, ಬೇಕೆಂದೋ ಕೇಳಲಿಲ್ಲ. ಮಾವಿನ ಗಿಡಕ್ಕೆ ಕಸಿ ಕಟ್ಟಲು ವರ್ಷಾನುಗಟ್ಟಲೆ ಬಳಸಿದ್ದು. ಮರದ ಹಿಡಿಗೆ ತಂತಿ ಸುತ್ತಿದೆ, ಅಲಗು ಅತ್ತಿತ್ತ ಅಲ್ಲಾಡುತ್ತದೆ. ಕಸಿ ಚಾಕುವಿಗೆ ಸಾಣೆ ಒಂದೇ ಬದಿಗೆ ಇರುತ್ತದೆ, ಅಂಗಡಿಯಲ್ಲಿ ಸಿಗುವುದು ಬಲಗೈಗೆ ಹೊಂದುವಂಥದು. ಇದನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಹಳೆಯ ಸಾಣೆಯ ಇಳಿಜಾರು ಪೂರ್ತಿ ಸವೆದು ಹೋಗಿದೆ. ಅಪ್ಪಯ್ಯ ಮಸೆಗಲ್ಲಿನ ಮೇಲೆ ಉಜ್ಜಿ ಉಜ್ಜಿ ಅದನ್ನು ಇನ್ನೊಂದು ಬದಿಗೆ ತಂದಿದ್ದಾರೆ.

ಅದರಲ್ಲಿ ಸೇಬು ಕತ್ತರಿಸಲು ಹೋದೆ. ನನ್ನ ಬಲಗೈಯಲ್ಲಿ ಅದು ನೇರ ಇಳಿಯದೆ ಓರೆಯಾಗಿ ಸರಿಯುತ್ತ ಹೋಯಿತು.