ಬಳೆಗಾರರ ಗುಂಡಿಗೆ ಎರಡು ಸಲ

ಬೆಟ್ಟದ ಪ್ರವಾಸವೆಂದರೆ ಮಂಜು, ಕಾಫಿತೋಟ, ಜಲಪಾತ ಎಂದು ನಂಬಿದ ಪಂಥವೊಂದು ಕನ್ನಡದ ಪ್ರವಾಸ ಬರವಣಿಗೆಯಲ್ಲಿ ಬೇರೂರಿ ಬಹುಕಾಲವಾಯಿತು. ಅದರ ಪಟ್ಟಿಯಲ್ಲಿ ಕೆಮ್ಮಣ್ಣುಗುಂಡಿ, ಮಡಿಕೇರಿಗಳು ತಪ್ಪದೆ ಬರುತ್ತವೆಯೇ ಹೊರತು ಮೊಳಕಾಲ್ಮೂರಿನ ಬೋಳು ಬೆಟ್ಟಗಳಿಗೆ ಒಂದು ಸಾಲೂ ದಕ್ಕುವುದಿಲ್ಲ. ಈ ಅಂಕಣಕ್ಕೂ ಆ ಪಂಥಕ್ಕೂ ಇರುವ ತಕರಾರು ಓದುಗರಿಗೆ ಹೊಸದಲ್ಲ. ಒಂದೇ ಬೆಟ್ಟದೂರನ್ನು ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ನೋಡಬೇಕೆಂಬ ಆಲ್ಪ್ಸ್ ಸೀಮೆಯ ರೂಢಿಯನ್ನು ಮೊಳಕಾಲ್ಮೂರಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಿಗೆ ಅನ್ವಯಿಸಿ ನೋಡುವುದು ಈ ವಾರದ ಉದ್ದೇಶ.

ಆಲ್ಪ್ಸ್‌ನಲ್ಲಿ ಬೇಸಿಗೆ ಬಂತೆಂದರೆ ದನಗಳು ಮೇಲಿನ ಹುಲ್ಲುಗಾವಲಿಗೆ ಏರುತ್ತವೆ, ಚಳಿಗೆ ಇಳಿದು ಕೊಟ್ಟಿಗೆ ಸೇರುತ್ತವೆ. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಲೆಕ್ಕವೇ ಬೇರೆ. ಇದು ಮಳೆನೆರಳಿನ ನಾಡು, ಅಂದರೆ ಪಶ್ಚಿಮ ಘಟ್ಟವು ಮುಂಗಾರಿನ ಮೋಡವನ್ನು ತನ್ನ ಮಗ್ಗುಲಲ್ಲೇ ಸುರಿಸಿಕೊಂಡ ಮೇಲೆ ಒಣಗಿ ಉಳಿಯುವ ಆಚೆಬದಿ. ಆದ್ದರಿಂದ ಇಲ್ಲಿ ಬೇಸಿಗೆಯೆಂದರೆ ಕುರಿಮಂದೆಗಳು ನೀರಾವರಿ ಸೀಮೆಗೆ ಗುಳೆ ಹೋಗುವ ಕಾಲ, ಮ್ಯಾಸಬೇಡರ ದೇವರ ಎತ್ತುಗಳನ್ನು (ಉಳುಮೆಗೆ ಹೂಡದೆ ದೇವರ ಹೆಸರಿನಲ್ಲಿ ಬಿಟ್ಟ ರಾಸುಗಳನ್ನು) ಕಾಯುವ ಕಿಲಾರಿಗೆ ಮೇವಿನ ಚಿಂತೆ ಹತ್ತುವ ಕಾಲ. ಡಿಸೆಂಬರಿನಲ್ಲಿ ಹೊಲದ ಅಂಚಿಗೆ ಶೇಂಗಾ ಬಳ್ಳಿಯ ಬಣವೆಗಳಿರುತ್ತವೆ, ಹತ್ತುವ ಕಾಲಿಗೂ ಹಿತ.

ಹಾಗಿದ್ದರೂ ಬ್ರಹ್ಮಗಿರಿಯ ತಪ್ಪಲಿಗೆ ಬೇಸಿಗೆಯೇ ಸೂಕ್ತ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಈ ನೆಲದಲ್ಲಿ ಸುಮಾರು 300 ಬೃಹತ್‌ ಶಿಲಾ ಸಮಾಧಿಗಳು, ಎಂದರೆ ಕಬ್ಬಿಣಯುಗದ ಜನ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ ಸುತ್ತಲೂ ಗುಂಡು ಜೋಡಿಸಿದ ಕಲ್ಲುವೃತ್ತಗಳು, ಚದುರಿದ್ದವು. ಮಳೆಗಾಲದ ಹುಲ್ಲು ಮುಚ್ಚಿಡುವ ಇಂಥ ವೃತ್ತಗಳ ಅಂಚು, ದನಕುರಿ ಮೇಯ್ದು ನೆಲ ಬರಿದಾದ ಮೇಲೆ ಸ್ಪಷ್ಟವಾಗುತ್ತದೆ.

ಕೊರೆದ ಅಕ್ಷರದ ವಿಷಯ ಇದಕ್ಕೆ ತದ್ವಿರುದ್ಧ. ಏಪ್ರಿಲ್ ಕೊನೆಯ ಹೊತ್ತಿಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಗೇ ಬಂದು ನಿಲ್ಲುವುದರಿಂದ ಗೀರುಗಳಿಗೆ ನೆರಳೇ ಇರುವುದಿಲ್ಲ. ಚಳಿಗಾಲದ ಓರೆಬಿಸಿಲಿಗೆ ಸವೆದ ಗೆರೆಯೂ ಏಳುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಮೂರು ಶಾಸನಗಳ ಪೈಕಿ ಬಹಳ ಸವೆದದ್ದು ಜಟಿಂಗ ರಾಮೇಶ್ವರದ್ದು. ಋತುಗಳ ಮಾತು ಇಲ್ಲಿಗೆ ಸಾಕು, ಆ ಬಂಡೆಯೇ ಹೆಚ್ಚು ಸ್ವಾರಸ್ಯದ್ದು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಮಲಾರ ಬಿಚ್ಚುತ್ತಿದ್ದುದರಿಂದ ಅದು ಬಳೆಗಾರರ ಗುಂಡು. ತಾಯಿತಂದೆಯ ಮಾತು ಕೇಳಿರಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಮೌರ್ಯರ ಹಿರಿಯ ಅಧಿಕಾರಿಗಳಿಗೆ, ಬಂದ ರಾಜಾಜ್ಞೆಯನ್ನು ಓದಬಲ್ಲವರಿಲ್ಲದ ಶತಮಾನಗಳಲ್ಲಿ ಕಲ್ಲಿಗೆ ಹೆಸರುಳಿಸಿದ್ದು ಬಳೆ ವ್ಯಾಪಾರ. ಬ್ರಹ್ಮಗಿರಿಯ ಬಂಡೆಯನ್ನು ಮಾತ್ರ ಜನ ಅಕ್ಷರಗುಂಡು ಎಂದೇ ಕರೆದರು. ಅದನ್ನು ಬರೆದ ಚಪಡನೆಂಬ ಲಿಪಿಕಾರ ಬ್ರಾಹ್ಮಿಯಲ್ಲಿ ಆಜ್ಞೆ ಮುಗಿಸಿ, ತನ್ನ ವೃತ್ತಿಯನ್ನು ಸೂಚಿಸುವ ಪದವೊಂದನ್ನು ಖರೋಷ್ಠಿಯಲ್ಲಿ, ಎಂದರೆ ವಾಯವ್ಯ ಭಾರತದಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಿದ್ದ ಲಿಪಿಯಲ್ಲಿ, ಕೊರೆದ. ಅಪ್ಪಣೆಯಿಲ್ಲದ ಇಂಥ ರುಜು ಮಂಜಿನ ಪಂಥದ ಯಾವ ಗಿರಿಧಾಮದಲ್ಲೂ ಸಿಗುವುದಿಲ್ಲ.

ಒಂದೇ ಸಲ ಹೋಗುವ ಬಿಡುವುಳ್ಳವರು ಚಳಿಗಾಲದ ಬೆಳಗನ್ನು ಆರಿಸಿಕೊಳ್ಳುವುದು ಲೇಸು. ಹೋದವರು ಅಕ್ಷರ ಎದ್ದು ಕಾಣಲೆಂದು ಬಂಡೆಗೆ ಸೀಮೆಸುಣ್ಣ ತಿಕ್ಕದಿರಲಿ.